ತಾನಾಗಿ ಇಳಿದ ತೂಕ

ಬೈಕುಲ್ಲಾ, ಶನಿವಾರ

ಅನುರಾಧಾ ಅಕ್ಕನವರಿಗೆ ಟೇಲರ್ ಜೇಬುನ್ನೀಸಾಳ ಸಲಾಮ್.

ನಿನ್ನೆ ಅಂಗಡಿ ತುಂಬ ಜನರಿದ್ದರು, ಅದಕ್ಕೇ ಮನಸ್ಸಿನಲ್ಲಿದ್ದುದನ್ನು ಹೇಳಲಿಲ್ಲ. ಈ ಪತ್ರವನ್ನು ನಿಮ್ಮ ಬ್ಲೌಸಿನ ಮಡಿಕೆಯಲ್ಲಿ ಇಟ್ಟು ಕಳಿಸುತ್ತಿದ್ದೇನೆ.

ಮೈತೂಕ ಹೆಚ್ಚಿದ್ದರೆ ಕ್ಯಾನ್ಸರಿನ ಅಪಾಯವೂ ಹೆಚ್ಚು ಎಂದು ಡಾಕ್ಟರು ಹೇಳಿದ ದಿನ ನೀವು ನನ್ನ ಮಶೀನಿನ ಪಕ್ಕ ಕೂತು ಅತ್ತಿದ್ದಿರಿ. ಈಗ ಮೂರು ತಿಂಗಳಲ್ಲಿ ನಿಮ್ಮ ಬ್ಲೌಸುಗಳನ್ನು ಮೂರು ಸಲ ಬಿಗಿ ಮಾಡಿ ಹೊಲಿದಿದ್ದೇನೆ. "ಉಣ್ಣೂದು ಕಮ್ಮಿ ಮಾಡೀರೇನ್ರೀ?" ಎಂದು ನಿನ್ನೆ ಕೇಳಿದೆ.

"ಏನೂ ಮಾಡಿಲ್ಲವ್ವಾ, ತಂತಾನ ಇಳ್ಯಾಕತ್ತೈತಿ. ಆ ಅಂಜಿಕಿ ಇನ್ನ ಹ್ವಾತು ಬಿಡು," ಎಂದು ನಕ್ಕಿರಿ. ನನಗೆ ನಗು ಬರಲಿಲ್ಲ.

ನನ್ನ ಅಕ್ಕ ಗುಲಶನಳೂ ಹೀಗೆಯೇ ಏನೂ ಮಾಡದೆ ಸಣ್ಣಗಾದಳು. "ಚಂದ ಕಾಣ್ತೀ" ಎಂದು ನಾನೇ ಅವಳಿಗೆ ಹೊಸ ಚೂಡಿದಾರ ಹೊಲಿದುಕೊಟ್ಟೆ. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಕರುಳಿನ ಗಡ್ಡೆ ಲಿವರಿಗೆ ಹಬ್ಬಿತ್ತು.

ನಿಮಗೂ ಅದೇ ಆಗಿದೆ ಎನ್ನುತ್ತಿಲ್ಲ. ಶುಗರ್ ಇರಬಹುದು, ಥೈರಾಯ್ಡ್ ಇರಬಹುದು. ತೋರಿಸಿದರೆ ತಾನೇ ತಿಳಿಯುವುದು?

ಸೋಮವಾರ ನಾನು ಅಂಗಡಿ ತೆರೆಯುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹತ್ತಿರ ನಿಂತಿರುತ್ತೇನೆ. ಇಬ್ಬರೂ ಆಸ್ಪತ್ರೆಗೆ ಹೋಗೋಣ, ಹಳೆಯ ರಿಪೋರ್ಟುಗಳನ್ನು ತನ್ನಿ. ಮನೆಯಲ್ಲಿ ಕೇಳಿದರೆ ಅಳತೆ ಕೊಡಲು ಹೋಗುತ್ತೇನೆ ಎನ್ನಿ.

ಹತ್ತರವರೆಗೆ ಕಾಯುತ್ತೇನೆ. ಆಮೇಲೆ ನಿಮ್ಮ ಬಿಲ್ಡಿಂಗಿಗೇ ಬರುತ್ತೇನೆ.

ನಿಮ್ಮ,
ಜೇಬುನ್ನೀಸಾ