‘ಪರವಾಗಿಲ್ಲ’ ಎಂಬುದರ ಅರ್ಥ

ಅಕ್ಟೋಬರ್ 14, 2021
ಔಷಧಿ ಅಂಗಡಿಯಲ್ಲಿ ಇಂದು ನಾನು ಹಾಕಿದ ಫ್ಲೂ ಲಸಿಕೆ ಐವತ್ತೊಂದು. ಊಟಕ್ಕೂ ಪುರುಸೊತ್ತಿಲ್ಲ. ಕೊನೆಗೆ ಬಂದವರು ಆರ್ಡನ್ — ನನ್ನನ್ನು ಹನ್ನೆರಡು ವರ್ಷ ಶಾಲೆಗೆ ಹೊತ್ತ ಬಸ್ಸಿನ ಡ್ರೈವರ್. ಮೈಮೇಲೆ ಮೂರು ಪದರ ಉಣ್ಣೆ. ಮಿನೆಸೋಟದ ಗಂಡಸಿಗೆ ಅಂಗಿ ಬಿಚ್ಚಿ ಎನ್ನುವುದಕ್ಕಿಂತ ಆಸ್ತಿ ಬರೆದುಕೊಡಿ ಎನ್ನುವುದು ಸುಲಭ. ಕುರ್ಚಿಯ ಎಡಕ್ಕೆ ಗೋಡೆ, ಬಲತೋಳೇ ಸಿಕ್ಕಿತು. ಕಾಲರ್ ಜಗ್ಗಿ ಚುಚ್ಚಿದೆ. ಸೂಜಿ ಸ್ವಲ್ಪ ಮೇಲೆ, ಭುಜದ ಕಡೆ ಬಿತ್ತು. ಸ್ವಲ್ಪ...

ಅಕ್ಟೋಬರ್ 15
ಲಸಿಕೆ ಹಾಕಿಸಿಕೊಂಡವರನ್ನೆಲ್ಲ ಮರುದಿನ ವಿಚಾರಿಸಿ ಪುಸ್ತಕದಲ್ಲಿ ಬರೆಯುವುದು ನಮ್ಮ ಔಷಧಿ ಅಂಗಡಿಯ ಪದ್ಧತಿ. ಆರ್ಡನ್ ತಾವೇ ಬಂದರು. ತೋಳು ಹೇಗಿದೆ ಎಂದೆ. "ಪರವಾಗಿಲ್ಲ" ಎಂದರು, ಹಲ್ಲು ಕಚ್ಚಿ. ಆ ಪದವನ್ನು ಹಾಗೆಯೇ ಬರೆದೆ. ಕಾಫಿ ಲೋಟ ಎಡಗೈಯಲ್ಲಿತ್ತು. ನೋವಿನ ಮಾತ್ರೆ ಕೊಂಡರು — ಮನೆಯಲ್ಲಿ ಇರಲಿ ಅಂತ. ಹಲ್ಲು, ಲೋಟ, ಮಾತ್ರೆ — ಪುಸ್ತಕದಲ್ಲಿ ಯಾವುದನ್ನೂ ಬರೆಯಲಿಲ್ಲ.

ಮೇ 3, 2022
ಆರ್ಡನ್ ಬೌಲಿಂಗ್ ತಂಡ ಬಿಟ್ಟಿದ್ದಾರೆ; ಆ ಭಾರದ ಚೆಂಡು ಉರುಳಿಸಲು ತೋಳು ಏಳದು. ಭುಜದ ಕೀಲು ಬಾತಿದೆ. ಲಸಿಕೆಯಿಂದಲೇ ಎಂದರಂತೆ ಡಾಕ್ಟರು. ತಪ್ಪು ತಮ್ಮದೇ ಎಂಬಂತೆ ಮುಖ ಮಾಡಿಕೊಂಡು ಆರ್ಡನ್ ಹೇಳಿದರು: "ಪರಿಹಾರ ಕೇಳ್ತಿರೋದು ಲಸಿಕೆಯಿಂದ ತೊಂದರೆ ಆದೋರಿಗಿರೋ ಸರ್ಕಾರದ ನಿಧಿಯಿಂದ ಪುಟ್ಟಿ, ನಿನ್ನ ಮೇಲೆ ಏನಿಲ್ಲ." ಮೇಲೆ ಒಂದು ಬಾಟಲಿ ಸೌತೆಕಾಯಿ ಉಪ್ಪಿನಕಾಯಿ ಬೇರೆ. ತಿಂದೆ. ರುಚಿಯಾಗಿತ್ತು. ಅದೇ ಕಷ್ಟ.

ಸೆಪ್ಟೆಂಬರ್ 19, 2023
ಆರ್ಡನ್ ಅವರ ವಕೀಲೆಯ ಫೋನು. ನೋವು ಲಸಿಕೆ ಹಾಕಿದ ಎರಡು ದಿನದೊಳಗೆ ಶುರುವಾಗಿರಬೇಕು, ಇಲ್ಲದಿದ್ದರೆ ಪರಿಹಾರವಿಲ್ಲ. ಸರ್ಕಾರದ ಕಡೆಯವರು ಹಿಡಿದಿರುವುದು ಪುಸ್ತಕದಲ್ಲಿ ನಾನು ಬರೆದ ಸಾಲನ್ನೇ — ಮರುದಿನ, ‘ಪರವಾಗಿಲ್ಲ’. ಅಂದು ನೋವಿನ ಗುರುತು ಏನಾದರೂ ಕಂಡಿದ್ದೆನೇ ಎಂದು ಕೇಳಿದರು. ನೆನಪು ಮಾಡಿಕೊಳ್ಳುತ್ತೇನೆ ಎಂದೆ. ನೆನಪಿತ್ತು.

ಸೆಪ್ಟೆಂಬರ್ 30
ನೆನಪಿದ್ದುದನ್ನು ನೆನಪಿಸಿಕೊಳ್ಳಲು ಹನ್ನೊಂದು ದಿನ. ಇಂದು ಪ್ರಮಾಣ ಮಾಡಿ ಅಫಿಡವಿಟ್ ಬರೆದೆ. ‘ನಮ್ಮೂರಿನಲ್ಲಿ ಪರವಾಗಿಲ್ಲ ಎಂದರೆ ಪರವಾಗಿಲ್ಲ ಎಂದಲ್ಲ. ಲಾಟರಿ ಹೊಡೆದರೂ ಅದೇ ಮಾತು, ಕೊಟ್ಟಿಗೆ ಸುಟ್ಟುಹೋದರೂ ಅದೇ. ಹಲ್ಲು ಕಚ್ಚಿ ಹೇಳಿದರೆ ತಡೆಯಲಾರೆ ಎಂದರ್ಥ. ಆರ್ಡನ್ ಹಲ್ಲು ಕಚ್ಚಿದ್ದರು. ಲೋಟ ಎಡಗೈಯಲ್ಲಿತ್ತು. ಮಾತ್ರೆ ಕೊಂಡರು. ಕಾಲರ್ ಜಗ್ಗಿದ್ದು ನಾನು. ಸೂಜಿ ಮೇಲೆ ಬಿತ್ತೆಂದು ಅಂದೇ ಗೊತ್ತಿತ್ತು.’ ಸಹಿ ಮಾಡಿದೆ. ಒಂದೇ ಪದದ ನಿಘಂಟಿಗೆ ನೋಟರಿಯ ಮೊಹರು ಬಿದ್ದದ್ದು ಬಹುಶಃ ಇದೇ ಮೊದಲು. ನಗು ಬರಲಿಲ್ಲ.

ಮಾರ್ಚ್ 8, 2024
ರಾಜಿಯಾಯಿತು. ಹೇಳಲು ಆರ್ಡನ್ ಬಂದಿದ್ದರು. ಸರ್ಕಾರ ಒಪ್ಪಿತು. ಭುಜ ಒಪ್ಪಿಲ್ಲ, ತೋಳು ಈಗಲೂ ಕಿವಿಯ ಮಟ್ಟಕ್ಕೆ ಏರದು. ನನ್ನ ಪತ್ರವನ್ನು ವಕೀಲೆ ಓದಿಸಿದರಂತೆ. "ಆ ಕೊಟ್ಟಿಗೆ ಸುಟ್ಟ ಮಾತು ಚೆನ್ನಾಗಿತ್ತು" ಎಂದರು ಆರ್ಡನ್. ಕಾಲರಿನ ಮಾತೆತ್ತಲಿಲ್ಲ. ನಾನೇ ಕೇಳಿದೆ — ನನ್ನ ಮೇಲೆ ಸಿಟ್ಟಿಲ್ಲವೇ?

ಔಷಧಿಯ ಚೀಲವನ್ನು ಎಡಗೈಯಲ್ಲಿ ತೆಗೆದುಕೊಂಡರು.

"ಪರವಾಗಿಲ್ಲ ಪುಟ್ಟಿ."

ಹೊರಟೇಬಿಟ್ಟರು. ಹಲ್ಲು ಕಚ್ಚಿದ್ದರೇ, ನಕ್ಕಿದ್ದರೇ — ನಾನು ತಲೆ ತಗ್ಗಿಸಿದ್ದೆ, ನೋಡಲಿಲ್ಲ. ಈ ಪದಕ್ಕೆ ಪ್ರಮಾಣ ಮಾಡಿ ಅರ್ಥ ಬರೆದುಕೊಟ್ಟವಳು ನಾನೇ. ಹಾಗಾದರೆ ಇಂದಿನ ‘ಪರವಾಗಿಲ್ಲ’ಕ್ಕೆ ಯಾವ ಅರ್ಥ ಬರೆಯಲಿ?