ಎಲೆ ಮುಂದಿನಿಂದ ಎಬ್ಬಿಸಿದವರು

ಕ್ರೋಯ್ಡನ್
ಭಾನುವಾರ, 18 ಮೇ 2025

ಚಿ. ಅಂಬುಜಾಳಿಗೆ ನಿನ್ನ ಅಕ್ಕ ವತ್ಸಲಾ ಮಾಡುವ ಆಶೀರ್ವಾದ.

ಅಭ್ಯಾಸಬಲದಿಂದ ಮೊದಲು ‘ಚಿ. ಸೌ.’ ಅಂತ ಬರೆದು, ಆಮೇಲೆ ‘ಸೌ.’ ಹೊಡೆದುಹಾಕಿದೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಒಂದು ಸಾಲು ಬರೆಯುವುದೇ ದೊಡ್ಡ ಕೆಲಸ, ಅದನ್ನೇ ಎರಡು ಸಲ ಮಾಡುವ ತಾಳ್ಮೆ ನನಗಿಲ್ಲ. ಹೊಡೆದದ್ದು ಕಾಣುತ್ತದೆ. ಕಾಣಲಿ. ಗೋಪೀನಾಥ ಹೋಗಿ ಆರು ವರ್ಷವಾದರೂ ನನ್ನ ಕೈ ಲೆಕ್ಕದಲ್ಲಿ ನಿನ್ನ ಗಂಡ ಇನ್ನೂ ಇದ್ದಾನೆ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಗ್ರೀನ್‌ಫರ್ಡ್ ಏನು ಮೈಸೂರಿನಷ್ಟು ದೂರವೇ? ಒಂದು ಟ್ರೇನು, ಒಂದು ಟ್ಯೂಬು. ಅಷ್ಟು ದಾರಿ ಆರು ವರ್ಷದಲ್ಲಿ ನಮ್ಮಿಬ್ಬರ ಕಾಲಿಗೂ ಸಿಗಲಿಲ್ಲ. ಅದಕ್ಕೇ ಈ ಕಾಗದ. ಹರಿಯುವುದಿದ್ದರೆ ಓದಿ ಹರಿ.

ವಿಷಯ ಇಷ್ಟು. ನಮ್ಮ ಸುಧೀರನ ಮಗಳು ಅಂಕಿತಾಳ ಮದುವೆ. ಜೂನ್ ಏಳು, ಶನಿವಾರ. ಬೆಳಿಗ್ಗೆ ರಿಜಿಸ್ಟರ್ ಆಫೀಸು, ಮಧ್ಯಾಹ್ನ ಮನೆಯಲ್ಲೇ ಎಲೆ ಊಟ. ನೀನು ಬರಬೇಕು. ಬಂದು ಮೊದಲನೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ನನಗೆ ಎಪ್ಪತ್ನಾಲ್ಕು, ನಿನಗೆ ಎಪ್ಪತ್ತು. ನಿನ್ನನ್ನು ಊಟಕ್ಕೆ ಕರೆಯುವ ಇನ್ನೊಂದು ಸಂದರ್ಭ ನನ್ನ ಕಾಲದಲ್ಲಿ ಬರುತ್ತದೆಂದು ನಾನು ನಂಬಿಲ್ಲ.

ಇಷ್ಟು ದಿನ ಬಿಗಿದುಕೊಂಡಿದ್ದವಳು ಈಗ ಯಾಕೆ ಬರೆದೆ ಅಂತ ಕೇಳುತ್ತೀಯ. ಹೇಳುತ್ತೇನೆ, ನಗಬೇಡ. ಅಂಕಿತಾ ಕಾಲೇಜಿನಲ್ಲಿ ಓದುತ್ತಿರುವುದು ಚರಿತ್ರೆ. ಆರುನೂರು ವರ್ಷದ ಹಿಂದೆ ಸ್ಕಾಟ್‌ಲೆಂಡಿನಲ್ಲಿ ಡಗ್ಲಸ್ ಅಂತ ಒಂದು ಮನೆತನವಿತ್ತಂತೆ. ಅದು ಹೇಗೆ ಮೇಲೆ ಬಂತು, ಹೇಗೆ ಮಣ್ಣುಪಾಲಾಯಿತು ಅಂತ ದಪ್ಪನೆಯ ಪುಸ್ತಕದಷ್ಟು ಬರೆಯುತ್ತಿದ್ದಾಳೆ. ಬರೆದದ್ದನ್ನು ಮಧ್ಯಾಹ್ನ ಊಟವಾದ ಮೇಲೆ ನನಗೆ ಓದಿ ಹೇಳುತ್ತಾಳೆ. ಇಂಗ್ಲಿಷಿನಲ್ಲಿ ಎರಡು ಸಾಲು, ಮುರುಕು ಕನ್ನಡದಲ್ಲಿ ಅರ್ಧ ಸಾಲು. ನಾನು ಸೋಫಾದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚುತ್ತೇನೆ. ಬೀದಿಯ ಕೊನೆಯಲ್ಲಿ ಟ್ರ್ಯಾಮು ಹೋಗುತ್ತದೆ. ಪರದೆ ದಾಟಿ ಬಂದ ಬಿಸಿಲು ರೆಪ್ಪೆಯ ಮೇಲೆ ಓಲಾಡುತ್ತದೆ. ಅವಳ ದನಿ ತೆಳ್ಳಗಾಗುತ್ತಾ ಹೋಗಿ, ಆ ಜನ ಒಬ್ಬೊಬ್ಬರೇ ನಮ್ಮ ಹಾಲಿನೊಳಕ್ಕೆ ಬರುತ್ತಾರೆ.

ಮೊದಲು ಬರುವವನ ಕೊರಳಲ್ಲಿ ಬೆಳ್ಳಿಯ ಕರಡಿಗೆ. ಊರಿನಲ್ಲಿ ನಮ್ಮ ಬೀದಿಯ ಲಿಂಗಾಯತರು ಕಟ್ಟಿಕೊಳ್ಳುತ್ತಿದ್ದರಲ್ಲ, ಹಾಗೆ. ಒಳಗಿರುವುದು ಸತ್ತ ರಾಜನ ಹೃದಯ. ನನ್ನ ಹೃದಯವನ್ನು ಪುಣ್ಯಭೂಮಿಗೆ ತಲುಪಿಸು ಅಂತ ಆ ರಾಜ ಕೇಳಿಕೊಂಡಿದ್ದನಂತೆ. ಇವನು ಹೊತ್ತು ಹೊರಟ, ದಾರಿಯಲ್ಲೇ ಯುದ್ಧದಲ್ಲಿ ಸತ್ತ. ಆ ನಿಯತ್ತಿಗೆ ಮನೆತನ ಮೇಲೇರಿತು. ಕೋಟೆ ಬಂತು, ಸೀಮೆ ಬಂತು. ಕನಸಿನಲ್ಲಿ ಅವನ ಮುಖ ನೋಡುತ್ತೇನೆ, ನಮ್ಮ ಗೋಪೀನಾಥ! ವೇರ್‌ಹೌಸಿನ ಹಳದಿ ಜಾಕೆಟ್ಟು ಹಾಕಿಕೊಂಡೇ ನಿಂತಿದ್ದಾನೆ. ನಾವು ಈ ದೇಶಕ್ಕೆ ಇಳಿದ ದಿನ ಅವನು ಅದೇ ಜಾಕೆಟ್ಟಿನಲ್ಲಿ ಏರ್‌ಪೋರ್ಟಿಗೆ ಬಂದಿದ್ದ. ಎಂಟು ತಿಂಗಳು ನಿಮ್ಮ ಮನೆಯ ಅನ್ನ ಉಂಡೆವು. ಸುಧೀರನಿಗೆ ಕೆಲಸವಾದದ್ದು ಅವನು ತಿರುಗಾಡಿದ್ದಕ್ಕೆ. ಇದನ್ನು ನಾನು ಅವನು ಬದುಕಿದ್ದಾಗ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಆ ಮನೆತನ ರಾಜನ ಮನೆಗಿಂತ ದೊಡ್ಡದಾಯಿತು. ರಾಜ ಹತ್ತು ವರ್ಷದ ಮಗು. ಅವನ ಹೆಸರಲ್ಲಿ ಆಳುತ್ತಿದ್ದ ಮಂತ್ರಿಗೂ ಅವನ ಕಡೆಯವರಿಗೂ ಹೆದರಿಕೆ ಹತ್ತಿತು. ಡಗ್ಲಸ್ ಮನೆಯ ಯಜಮಾನನಾದರೂ ಯಾರು, ಹದಿನಾರರ ಹುಡುಗ. ಅವನನ್ನೂ ಅವನ ತಮ್ಮನನ್ನೂ ಕೋಟೆಗೆ ಊಟಕ್ಕೆ ಕರೆದರು. ಊಟದ ನಡುವೆ ತಟ್ಟೆಯಲ್ಲಿ ಕಪ್ಪು ಗೂಳಿಯ ತಲೆ ತಂದಿಟ್ಟರಂತೆ. ಇನ್ನು ನಿಮ್ಮ ಸಾವು ಅಂತ ಅದರ ಅರ್ಥ. ಪುಟ್ಟ ರಾಜ ಬೇಡ ಬೇಡ ಅಂತ ಅತ್ತನಂತೆ. ಆದರೂ ಇಬ್ಬರನ್ನೂ ಎಳೆದುಕೊಂಡು ಹೋಗಿ ಕಡಿದರು.

“ಆ ತಲೆ ಕತೆ ಆಮೇಲೆ ಯಾರೋ ಸೇರಿಸಿದ್ದು ಅಜ್ಜಿ, ಪ್ರೂಫ್ ಇಲ್ಲ,” ಅಂದಳು ಅಂಕಿತಾ.

“ಪ್ರೂಫು ನೀನಿಟ್ಟುಕೋ. ನಾನು ಕಂಡಾಯಿತು,” ಅಂದೆ.

ಕಂಡದ್ದು ನಿಜ ಕಣೇ. ಕಲ್ಲಿನ ದೊಡ್ಡ ಅಂಗಳ, ಉದ್ದಕ್ಕೂ ಹಾಸಿದ ಬಾಳೆಲೆ. ಆ ಹುಡುಗರಿಬ್ಬರೂ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎಲೆಯ ತುದಿಗೆ ಪಾಯಸ ಬಿದ್ದಿದೆ. ಮಂಜು ಹೊಸ್ತಿಲು ದಾಟಿ ಒಳಗೆ ಬಂದು ಎಲೆಗಳ ಮೇಲೆ ಹರಿದಾಡುತ್ತಿದೆ. ಯಾರೋ ಬಗ್ಗಿ ದೊಡ್ಡ ಹುಡುಗನ ಭುಜ ಮುಟ್ಟಿದರು. ಅವನು ಎದ್ದ. ಏಳುವಾಗ ನೆರಿಗೆ ಸರಿಮಾಡಿಕೊಂಡ, ಥೇಟು ನಿನ್ನ ಹಾಗೆ.

ಎಚ್ಚರವಾದಾಗ ನನ್ನ ಕೆನ್ನೆ ಒದ್ದೆ.

ಅವತ್ತು ಸುಧೀರನ ಈ ಮನೆಯ ಗೃಹಪ್ರವೇಶ. ಗೋಪೀನಾಥ ಹೋಗಿ ಮೂರು ತಿಂಗಳಾಗಿತ್ತು. ನೀನು ಬೆಳಗಿನ ಜಾವಕ್ಕೇ ಬಂದು ಟೂಟಿಂಗಿನಿಂದ ತಂದ ಎಲೆ ತೊಳೆದೆ, ಕೋಸಂಬರಿಗೆ ಸೌತೆಕಾಯಿ ಹೆಚ್ಚಿದೆ, ಚಿತ್ರಾನ್ನ ಕಲಸಿದೆ. ಮುತ್ತೈದೆಯರ ಪಂಕ್ತಿ ಕೂತಾಗ ಸುಧೀರನೇ ನಿನ್ನನ್ನು ಕರೆದು ಕೂರಿಸಿದ. ಪಾಯಸ ಬಡಿಸಿ ಆದಮೇಲೆ ನಾನು ಬಂದು, ಎಲ್ಲರಿಗೂ ಕೇಳುವ ಹಾಗೆ, “ಅಂಬುಜಾ, ನೀನೇಳು, ಆಮೇಲಿನ ಪಂಕ್ತಿಗೆ ಕೂತ್ಕೊ,” ಅಂದೆ. ನೀನು ಎದ್ದು ಕೋಟು ಹಾಕಿಕೊಂಡು ಟ್ರ್ಯಾಮ್ ಸ್ಟಾಪಿನ ಕಡೆ ನಡೆದುಬಿಟ್ಟೆ. ಬಾಗಿಲಲ್ಲಿ ನಿನ್ನ ಕೈ ಹಿಡಿದು, “ಬೀಗಿತ್ತಿ ಅಪಶಕುನ ಅಂದ್ರು ಕಣೇ, ನಾನೇನು ಮಾಡ್ಲಿ,” ಅಂದೆ. ಸುಧೀರನ ಅತ್ತೆ ಜಲಜಾಕ್ಷಮ್ಮನ ಮುಖವನ್ನು ನೀನು ಅವತ್ತಿನಿಂದ ನೋಡಲಿಲ್ಲ. ನನ್ನದೂ ನೋಡಲಿಲ್ಲ ಅನ್ನು.

ಮೊನ್ನೆ ಅಂಕಿತಾ ಮುಂದಿನದು ಓದಿದಳು. ಹುಡುಗರು ಸತ್ತ ಮೇಲೆ ಯಜಮಾನಿಕೆ ಸಿಕ್ಕಿದ್ದು ಅವರ ತಾತನ ತಮ್ಮನಿಗಂತೆ. ದಢೂತಿ ಮನುಷ್ಯ. ಅವನು ಒಂದು ಮಾತೂ ಆಡಲಿಲ್ಲ, ಕೊಂದವರ ಮೇಲೆ ಕತ್ತಿಯನ್ನೂ ಎತ್ತಲಿಲ್ಲ.

“ಎಲ್ರೂ ಮಂತ್ರೀನೇ ಬೈದ್ರು ಅಜ್ಜಿ. ಆದ್ರೆ ಈ ಅಂಕಲ್‌ಗೆ ಮೊದ್ಲೇ ಗೊತ್ತಿತ್ತು ಅಂತ ನನಗೆ ಡೌಟು,” ಅಂದಳು.

“ಸತ್ತವರ ಮೇಲೆ ಸುಮ್ಮನೆ ಗೂಬೆ ಕೂರಿಸಬೇಡ!” ಅಂತ ರೇಗಿದೆ.

“ನಿಂಗ್ಯಾಕಜ್ಜಿ ಕೋಪ? ಅವ್ನೇನು ನಿಮ್ಮ ರಿಲೇಟಿವ್ವಾ?”

ನಾನು ಎದ್ದು ಅಡುಗೆಮನೆಗೆ ಹೋದೆ. ಸುಮ್ಮನೆ ನಲ್ಲಿ ತಿರುಗಿಸಿಕೊಂಡು ನಿಂತೆ.

ಹಾಗೆ ಕೂಡಿಸಿಕೊಂಡದ್ದೂ ಉಳಿಯಲಿಲ್ಲವಂತೆ. ಆ ದಢೂತಿಯ ಒಬ್ಬ ಮಗನನ್ನು, ದೊಡ್ಡವನಾದ ಅದೇ ರಾಜ ಊಟಕ್ಕೆ ಕರೆದು ತಾನೇ ಚುಚ್ಚಿದ. ಇನ್ನೊಬ್ಬ ಮಗ ಎಲ್ಲ ಕಳೆದುಕೊಂಡು ಇದೇ ಇಂಗ್ಲೆಂಡಿಗೆ ಓಡಿಬಂದ. ನಿನ್ನೆ ಕನಸಿನಲ್ಲಿ ಅವನು ನಮ್ಮ ಬೀದಿಯಲ್ಲಿ ಮನೆ ನಂಬರು ನೋಡುತ್ತಾ ನಡೆಯುತ್ತಿದ್ದ. ಯಾವ ಬಾಗಿಲು ತಟ್ಟಬೇಕೋ ಅವನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಎದ್ದವಳೇ ಪೆನ್ನು ಹುಡುಕಿದೆ.

ಬಾ ಅಂಬುಜಾ. ಸುಧೀರ ಕಾರು ತರುತ್ತಾನೆ. ಅವನ ಜೊತೆ ಬೇಡವಾದರೆ ನಾನೇ ಟ್ಯೂಬಿನಲ್ಲಿ ಬಂದು ಕರೆತರುತ್ತೇನೆ, ಮಂಡಿ ನೋವು ನನ್ನ ಪಾಡು.

ಇತಿ ನಿನ್ನ ಅಕ್ಕ,
ವತ್ಸಲಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಅವತ್ತು ಜಲಜಾಕ್ಷಮ್ಮ ಏನೂ ಅಂದಿರಲಿಲ್ಲ. ನಿನಗೆ ಜಾಗವಾಗಲಿ ಅಂತ ತಮ್ಮ ಎಲೆ ಸರಿಸಿದವರೇ ಅವರು. “ಕೂತಿರಲಿ ಬಿಡಿ ವತ್ಸಲಮ್ಮ,” ಅಂತ ನನ್ನ ಸೆರಗು ಹಿಡಿದು ಎಳೆದರು, ನಾನು ಕೊಡವಿಕೊಂಡೆ. ಮಗನ ಹೊಸ ಮನೆಗೆ ಏನಾದರೂ ಅಂಟೀತು ಅಂತ ಹೆದರಿದವಳು ನಾನು. ಈ ಜನವರಿಯಲ್ಲಿ ಅವರು ಮೈಸೂರಿನಲ್ಲಿ ತೀರಿಕೊಂಡರು. ಅದಕ್ಕೆ ಒಂದು ವಾರ ಮುಂಚೆ ಫೋನಿನಲ್ಲಿ, “ಅಂಬುಜಮ್ಮಂಗೆ ನನ್ನ ಮೇಲೆ ಯಾಕೆ ಸಿಟ್ಟೋ ಗೊತ್ತಾಗ್ಲೇ ಇಲ್ಲ,” ಅಂದರು. ಅವರಿಗೂ ನಾನು ಹೇಳಲಿಲ್ಲ. ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ ಬಾ. ಬರದಿದ್ದರೆ, ಇನ್ನು ಮೇಲೆ ನಿನ್ನ ಸಿಟ್ಟಾದರೂ ಸರಿಯಾದ ವಿಳಾಸಕ್ಕೆ ಬರಲಿ.