ಬೆನ್ನು ನೆಲಕ್ಕೆ ತಾಗಿದ ಮೇಲೆ

ಮಾರ್ಚ್ ೧೪, ಗುರುವಾರ

ಇವತ್ತು ನನ್ನ ಜೊತೆ ಅಭ್ಯಾಸ ಮಾಡುವ ಹುಡುಗಿಯ ತುಟಿ ಒಡೆದೆ. ಅದು ಸರಿಯೋ ತಪ್ಪೋ ಇನ್ನೂ ತಿಳಿಯುತ್ತಿಲ್ಲ.

ಕುಸ್ತಿ ಬಿಟ್ಟು, ಗುದ್ದು, ಒದೆ, ಹಿಡಿತ ಎಲ್ಲಕ್ಕೂ ಅವಕಾಶವಿರುವ ಎಂಎಂಎಗೆ ಬಂದು ಮೂರು ತಿಂಗಳಾಯಿತು. ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿತೆಂದರೆ ಮುಗಿಯಿತು. ಎದ್ದು ಕೈ ಕುಲುಕಬೇಕು. ಬೆಳಿಗ್ಗೆ ಅವಳನ್ನು ಕೆಡವಿ, ಹಳೇ ಚಾಳಿಯಂತೆ ಹಿಡಿತ ಸಡಿಲಿಸಿದೆ. ಅವಳು ಮಲಗಿದಲ್ಲಿಂದಲೇ ನನ್ನ ಕುತ್ತಿಗೆಗೆ ಕಾಲು ಸುತ್ತಿ ಉಸಿರುಗಟ್ಟಿಸಿದಳು.

"ಇಲ್ಲಿ ಕೆಡವಿದ ಮೇಲೇನೇ ಕೆಲಸ ಶುರು ಕಣಮ್ಮ," ಎಂದರು ಕೋಚ್. "ಹೊಡಿ."

ಎರಡನೇ ಸಲ ಕೆಡವಿದಾಗ ಹೊಡೆದೆ. ಒಂದಲ್ಲ, ನಾಲ್ಕು. ಕೋಚ್ ಬಂದು ಎಳೆಯುವವರೆಗೂ ಕೈ ನಿಲ್ಲಲಿಲ್ಲ. ಅವಳೋ ರಕ್ತ ಒರೆಸಿಕೊಂಡು ನಕ್ಕಳು. "ಅಂತೂ ದಾರಿಗೆ ಬಂದ್ಯಲ್ಲೇ."

ನನಗೆ ಕುಸ್ತಿ ಕಲಿಸಿದವರು ಅಪ್ಪ. ನಾನು ಈ ಆಟಕ್ಕೆ ಬಂದಾಗಿನಿಂದ ಮಾತೇ ಕಡಿಮೆ ಮಾಡಿದ್ದರು. ಸಂಜೆ ಅವರೇ ಫೋನ್ ಮಾಡಿದರು.

"ಬಿದ್ದೋರಿಗೂ ಹೊಡೀತಾರಂತಲ್ಲ ಅದ್ರಲ್ಲಿ. ನೀನೂ ಹೊಡೀತೀಯಾ ಪುಟ್ಟಿ?"

"ಇಲ್ಲಪ್ಪ. ಕೆಡವಿ ಹಿಡ್ಕೊಂಡೇ ಗೆಲ್ತೀನಿ."

"ಹಾಗಿದ್ರೆ ಶನಿವಾರ ನಿನ್ನ ಪಂದ್ಯ ನೋಡೋಕೆ ನಾನೂ ಬರ್ತೀನಿ," ಎಂದರು.

ಮೂರು ತಿಂಗಳಿಂದ ಕಾದಿದ್ದ ಮಾತು, ನನ್ನ ಸುಳ್ಳಿನಿಂದ ಬಂತು. ಬರಬೇಡಿ ಎನ್ನಲು ಬಾಯಿ ಬರಲಿಲ್ಲ.

ಹೊಡೆದದ್ದಕ್ಕೆ ನಾಚಿಕೆಯಾಗಿದ್ದರೆ ಸುಲಭವಿತ್ತು, ಬಿಟ್ಟುಬಿಡುತ್ತಿದ್ದೆ. ಆದರೆ ಮೂರನೇ ಏಟಿನ ಹೊತ್ತಿಗೆ ನನಗೆ ಹಿತವೆನಿಸಿತ್ತು. ಇದನ್ನು ಯಾರಿಗೆ ಹೇಳಲಿ? ಅಪ್ಪ ಎದುರು ಕೂತಿರುವಾಗ ಕೈ ಎತ್ತಲಾಗದೆ ಸೋತರೆ ಒಂದು ಥರ. ಎತ್ತಿಬಿಟ್ಟರೆ, ಅವರ ಮುಖದ ಕಡೆ ನಾನು ಹೇಗೆ ನೋಡಲಿ?